ಮಂಡಿನೋವಿನ ಮಾತ್ರೆ, ರಾತ್ರಿ 2 ಗಂಟೆಯ ಹೊಟ್ಟೆ ಉರಿ

ಪ್ರಶ್ನೆ: ನನಗೆ 48 ವರ್ಷ. ಮಂಡಿನೋವಿಗೆ ಆರು ತಿಂಗಳಿಂದ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದೇನೆ. ಈಗ ರಾತ್ರಿ ಎರಡರ ಹೊತ್ತಿಗೆ ಎದೆಗೂಡಿನ ಕೆಳಗೆ ಕೊರೆದಂತೆ ಉರಿ. ಎರಡು ಬಿಸ್ಕತ್ತು ತಿಂದರೆ ಕಮ್ಮಿಯಾಗುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ತಗೊಂಡರೆ ನಾಲ್ಕು ದಿನ ಆರಾಮ, ಬಿಟ್ಟರೆ ಮತ್ತೆ ಶುರು. ಖಾರ ಬಿಟ್ಟರೂ ಹೋಗಿಲ್ಲ. ಅಲ್ಸರ್ ಇರಬಹುದಾ?

ಉತ್ತರ: ಇರಬಹುದು. ಹಸಿದಾಗ ಉರಿದು, ತಿಂದರೆ ತಣ್ಣಗಾಗುವ ನೋವು ಹೆಚ್ಚಾಗಿ ಸಣ್ಣಕರುಳಿನ ಮೊದಲ ಭಾಗದ ಹುಣ್ಣಿನದು. ಖಚಿತವಾಗಲು ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ಬೇಕು.

ಪಾಪ, ಖಾರದ್ದು ಇಲ್ಲಿ ತಪ್ಪಿಲ್ಲ. ಮೆಣಸಿನಕಾಯಿ ಉರಿ ಹೆಚ್ಚಿಸಬಹುದು, ಹುಣ್ಣು ಮಾಡುವುದಿಲ್ಲ. ನನಗೆ ಅನುಮಾನ ಆ ನೋವಿನ ಮಾತ್ರೆಯ ಮೇಲೆ. ಹೊಟ್ಟೆಯ ಒಳಗೋಡೆಗೆ ಲೋಳೆಯ ಪದರ ಇದೆ. ಆಸಿಡ್ ತಾಗದಂತೆ ಕಾಯುವುದು ಅದೇ. ನೋವು ತಡೆಯುವ ಈ ಮಾತ್ರೆ ಆ ಪದರವನ್ನೂ ತೆಳುವಾಗಿಸುತ್ತದೆ. ರಕ್ತದ ಮೂಲಕವೂ ಈ ಕೆಲಸ ನಡೆಯುವುದರಿಂದ ಊಟವಾದ ಮೇಲೆ ನುಂಗಿದರೂ, ಇಂಜೆಕ್ಷನ್ ತಗೊಂಡರೂ ಅಪಾಯ ತಪ್ಪಲ್ಲ. ಇವತ್ತೇ ನಿಲ್ಲಿಸಿ.

ಇನ್ನೊಂದು ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ನಮ್ಮಲ್ಲಿ ತುಂಬ ಜನರಿಗೆ ಇದು ಚಿಕ್ಕಂದಿನಲ್ಲೇ ಸೇರಿಕೊಂಡಿರುತ್ತದೆ. ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಅಂದಾಗ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಅದನ್ನು ಬೆಳೆಸಿ ತಾವೇ ಕುಡಿದುಬಿಟ್ಟರು! ಕೆಲವೇ ದಿನದಲ್ಲಿ ವಾಂತಿ ಶುರುವಾಯಿತು, ಜಠರದ ಒಳಪದರ ಊದಿಕೊಂಡಿತು. 2005ರಲ್ಲಿ ರಾಬಿನ್ ವಾರೆನ್ ಜೊತೆ ಅವರಿಗೆ ನೊಬೆಲ್ ಬಂತು. ವರ್ಷಗಟ್ಟಲೆ ಕಾಡುತ್ತಿದ್ದ ರೋಗ ಈಗ ಸಾಮಾನ್ಯವಾಗಿ 14 ದಿನದ ಆಂಟಿಬಯೋಟಿಕ್ಕಿಗೆ ಬಗ್ಗುತ್ತದೆ. ಹಾಗಾಗಿ ಪೈಲೋರಿ ಪರೀಕ್ಷೆ ಮಾಡಿಸಲೇಬೇಕು. ಔಷಧಿ ಕೊಟ್ಟರೆ ಮೂರನೇ ದಿನಕ್ಕೆ ಆರಾಮ ಅನಿಸಿತು ಅಂತ ಸುಮ್ನೆ ಬಿಡಬೇಡಿ.

ಆಸಿಡ್ ತಗ್ಗಿಸುವ ಮಾತ್ರೆಯನ್ನು ಸಾಮಾನ್ಯವಾಗಿ 4ರಿಂದ 8 ವಾರ ತಗೊಳ್ಳಬೇಕು, ತಿಂಡಿಗೆ ಅರ್ಧ ಗಂಟೆ ಮೊದಲು. ನೀವು ನಾಲ್ಕೇ ದಿನಕ್ಕೆ ಬಿಡುತ್ತೀರಿ. ಉರಿ ನಿಂತಿರುತ್ತದೆ, ಹುಣ್ಣು ಮಾದಿರುವುದಿಲ್ಲ.

ಹುಣ್ಣು ಆಳಕ್ಕಿಳಿದು ರಕ್ತನಾಳ ಮುಟ್ಟಿದರೆ ಒಳಗೇ ರಕ್ತ ಸೋರುತ್ತದೆ. ನೋವಿನ ಮಾತ್ರೆಯಿಂದಾದ ಹುಣ್ಣು ಎಷ್ಟೋ ಸಲ ನೋಯುವುದೇ ಇಲ್ಲ, ರಕ್ತ ಹೋದ ಮೇಲೆಯೇ ಗೊತ್ತಾಗುವುದು. ಅದಕ್ಕೇ ಮಲದ ಬಣ್ಣ ನೋಡಿ. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ವಿಪರೀತ ವಾಸನೆ ಇದ್ದರೆ ಅದು ರಕ್ತ. ಐರನ್ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಹೀಗೆ ಅಂಟುವುದಿಲ್ಲ. ತಲೆ ಸುತ್ತಿದರೆ, ರಕ್ತವಾಂತಿಯಾದರೆ, ಹೊಟ್ಟೆ ಇದ್ದಕ್ಕಿದ್ದಂತೆ ಚುಚ್ಚಿ ಹಲಗೆಯಂತೆ ಬಿಗಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಮಂಡಿಗೆ ಸದ್ಯ ಪ್ಯಾರಾಸಿಟಮಾಲ್ ಸಾಕಾಗುತ್ತಾ ಅಂತ ವೈದ್ಯರನ್ನು ಕೇಳಿ. ಮೂಳೆ ಡಾಕ್ಟರ ಹತ್ತಿರ ಹೋದಾಗ ಈ ಹೊಟ್ಟೆಯ ಕಥೆ ಮೊದಲೇ ಹೇಳಿಬಿಡಿ.