ಚಳಿಗಾಲವಿಡೀ ತುಂಬಿಸಿದ ಕಾಂಪೋಸ್ಟ್ ಡಬ್ಬದ ಕಸ ಕಪ್ಪಗಾಗಿದೆ, ಎರಡನೆಯ ಡಬ್ಬಕ್ಕೆ ಜಾಗವಿಲ್ಲ. ವಸಂತದ ಬಿತ್ತನೆಗೆ ಟ್ರೇಗೆ ಹಾಕಬಹುದೇ, ಅಥವಾ ಬೇಗ ಕಳಿಯಲು ಅಂಗಡಿಯ ಸೂಕ್ಷ್ಮಜೀವಿಗಳ ಪುಡಿ ಕೊಳ್ಳಬೇಕೇ?

ಕಪ್ಪಗಿದೆ, ವಾಸನೆಯಿಲ್ಲ, ಕುಗ್ಗುವುದು ನಿಂತು ತಿಂಗಳಾಯಿತು ಅಂದಿದ್ದೀರಿ. ನನ್ನ ಡಬ್ಬವೂ ಹೀಗೇ ಇತ್ತು. ಟ್ರೇಗೆ ಹಾಕಬೇಡಿ. ನಾನು ಹಾಕಿ ಆ ವಸಂತದ ಟೊಮೆಟೊ, ಬದನೆ ಸಸಿಗಳನ್ನೆಲ್ಲ ಕಳೆದುಕೊಂಡೆ.

ನನ್ನದು ಬಾಲ್ಕನಿ ಮೂಲೆಯ 40 ಲೀಟರಿನ ಪ್ಲಾಸ್ಟಿಕ್ ಡಬ್ಬ. ತರಕಾರಿ ಸಿಪ್ಪೆ, ಟೀ ಚರಟ, ರಟ್ಟಿನ ಚೂರು, ಒಂದಷ್ಟು ಮರದ ಹೊಟ್ಟು ಎಲ್ಲ ಅದಕ್ಕೇ ಹೋಗುತ್ತಿತ್ತು. ಚಳಿ ಇಳಿಯುತ್ತಿದ್ದ ಹಾಗೆ ತೆಗೆದು ಜರಡಿ ಹಿಡಿದೆ, ತೆಂಗಿನ ನಾರಿನ ಪುಡಿಗೆ ಸಮ ಸಮ ಬೆರೆಸಿ ಟ್ರೇ ತುಂಬಿದೆ, ಬಿತ್ತಿ ಮನೆಯೊಳಗೆ ಬೆಚ್ಚಗಿನ ಕಿಟಕಿಯಲ್ಲಿಟ್ಟೆ. ಮೊಳಕೆ ಚೆನ್ನಾಗಿಯೇ ಬಂತು. ಬೀಜದೆಲೆ ಎರಡೂ ಹಸಿರು. ಮೂರನೆಯ ಎಲೆ ಹಳದಿಯಾಗಿ ಬಂತು, ಬೆಳವಣಿಗೆ ಅಲ್ಲಿಗೇ ನಿಂತಿತು. ನೀರು ಸಾಲದೇನೋ ಎಂದು ಇನ್ನಷ್ಟು ಹಾಕಿದೆ. ಅದರಿಂದ ಇನ್ನೂ ಕೆಟ್ಟಿತು. ಒಂದು ಸಸಿ ಕಿತ್ತು ನೋಡಿದರೆ ಬೇರಿನ ತುದಿ ಕಂದು, ಪಕ್ಕದ ಬೇರು ಒಂದೂ ಇಲ್ಲ.

ತಪ್ಪು ಎಲ್ಲಿ ಆಯಿತು ಎಂಬುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನಿಮ್ಮ ಡಬ್ಬವೂ ಈಗ ಅದೇ ಜಾಗದಲ್ಲಿ ನಿಂತಿದೆ. ಕೊಳೆಯುವ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ಶಾಖ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಅವುಗಳ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಶೂನ್ಯದ ಹತ್ತಿರ ಹೋದರೆ ಕೆಲಸ ನಿಂತ ಹಾಗೆಯೇ. ದೊಡ್ಡ ತಿಪ್ಪೆಗೆ ಈ ತೊಂದರೆ ಕಡಿಮೆ: ಒಂದು ಘನ ಮೀಟರಿನಷ್ಟು ರಾಶಿ ತನ್ನ ಶಾಖವನ್ನು ತಾನೇ ಹಿಡಿದುಕೊಂಡು 55-60 ಡಿಗ್ರಿ ಮುಟ್ಟಬಲ್ಲದು. 40 ಲೀಟರು ಅದರ ಇಪ್ಪತ್ತೈದನೆಯ ಒಂದು ಪಾಲು, ಹುಟ್ಟಿದ ಶಾಖವೆಲ್ಲ ಡಬ್ಬದ ಗೋಡೆಯಿಂದ ಸೋರಿಹೋಗುತ್ತದೆ. ಹಾಗಾಗಿ ಚಳಿಯಲ್ಲಿ ಕುಗ್ಗುವುದು ನಿಂತರೆ, ವಾಸನೆ ಹೋದರೆ, ಅದು ಕಳಿತ ಗೊಬ್ಬರವಲ್ಲ. ನಿದ್ದೆಗೆ ಬಿದ್ದ ಕಸ. ಬಣ್ಣವನ್ನಂತೂ ನಂಬಲೇಬೇಡಿ, ಟೀ ಚರಟ ಮೊದಲ ದಿನದಿಂದಲೂ ಕಪ್ಪೇ.

ಅದನ್ನು ಬೆಚ್ಚಗಿನ ಕಿಟಕಿಗೆ ತಂದು ನಾನೇ ಎಬ್ಬಿಸಿದೆ. ಎದ್ದ ಜೀವಿಗಳು ಬೇರಿನ ಸುತ್ತಲ ಆಮ್ಲಜನಕ ಬಳಸಿಕೊಂಡವು, ಅರ್ಧ ಕೊಳೆತ ಸಿಪ್ಪೆಯಿಂದ ಅಸಿಟಿಕ್ ಆಮ್ಲ, ಅಮೋನಿಯಾ ಬಿಟ್ಟವು. ಎಳೆ ಬೇರಿಗೆ ಎರಡೂ ವಿಷ. ಮೇಲೆ ರಟ್ಟು, ಮರದ ಹೊಟ್ಟು ಬೇರೆ. ಕೊಳೆಯಲು ಹಿತವಾದ ಇಂಗಾಲ-ಸಾರಜನಕ ಪ್ರಮಾಣ 25-30ಕ್ಕೆ 1. ಮರದ ಹೊಟ್ಟಿನಲ್ಲಿ ಅದು ನೂರಾರಕ್ಕೆ 1. ಆ ಇಂಗಾಲ ತಿನ್ನಲು ಬೇಕಾದ ಸಾರಜನಕವನ್ನು ಜೀವಿಗಳು ಸಸಿಯ ಪಾಲಿನಿಂದ ಎಳೆದುಕೊಂಡವು. ಹಳದಿಗೆ ಕಾರಣ ಅದು. ನಾನು ಸುರಿದ ನೀರು ಉಳಿದಿದ್ದ ಗಾಳಿಯನ್ನೂ ಹೊರಗೆ ತಳ್ಳಿತು.

ಇನ್ನು ಪುಡಿಯ ವಿಷಯ. ಬೇಡ. ನಿಮ್ಮ ಡಬ್ಬದಲ್ಲಿ ಜೀವಿಗಳಿಗೆ ಬರವಿಲ್ಲ, ಬೇಕಿರುವುದು ಶಾಖ, ಗಾಳಿ, ಹದವಾದ ತೇವ. ಪುಡಿ ಹಾಕಿದರೆ ಚಳಿಯಲ್ಲಿ ಮಲಗುವವರ ಸಂಖ್ಯೆ ಹೆಚ್ಚುತ್ತದೆ, ಅಷ್ಟೇ. ಹಾಕಲೇಬೇಕು ಅನ್ನಿಸಿದರೆ ಹಳೆಯ ಕುಂಡದ ಮಣ್ಣು ಒಂದು ಹಿಡಿ ಸಾಕು.

ಬದಲು ಹೀಗೆ ಮಾಡಿ. ಹಗಲಿನ ಶಾಖ 12-15 ಡಿಗ್ರಿ ದಾಟಿದ ದಿನ ಇಡೀ ಡಬ್ಬವನ್ನು ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಬೋರಲು ಹಾಕಿ. ತಳದಲ್ಲಿ ಅಂಟಂಟಾದ, ಹುಳಿ ವಾಸನೆಯ ಮುದ್ದೆ ಸಿಗುತ್ತದೆ, ಸಿಗದಿದ್ದರೆ ಆಶ್ಚರ್ಯ. ಕೈಯಿಂದ ಒಡೆಯಿರಿ, ದೊಡ್ಡ ಸಿಪ್ಪೆಗಳನ್ನು 2-3 ಸೆಂಟಿಮೀಟರಿಗೆ ಕತ್ತರಿಸಿ, ಒಣ ತರಗೆಲೆ ಪುಡಿಮಾಡಿ ಬೆರೆಸಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆ ಬಂದರೆ ಇನ್ನಷ್ಟು ಎಲೆ ಬೇಕು, ಕೈ ಬಿಟ್ಟೊಡನೆ ಉದುರಿದರೆ ನೀರು ಚಿಮುಕಿಸಬೇಕು. ಡಬ್ಬದ ತಳಕ್ಕೂ ಪಕ್ಕಕ್ಕೂ 8 ಮಿಲಿಮೀಟರಿನ ತೂತು, 5-6 ಸೆಂಟಿಮೀಟರಿಗೊಂದರಂತೆ. ಕೆಳಗೆ ಎರಡು ಇಟ್ಟಿಗೆ, ಅದರಡಿ ತಟ್ಟೆ. ಸುತ್ತ ದಪ್ಪ ರಟ್ಟು ಕಟ್ಟಿ (ತೂತು ಮುಚ್ಚಬಾರದು) ಬಿಸಿಲಿರುವ ಕಡೆ ಸರಿಸಿ. ವಾರಕ್ಕೊಮ್ಮೆ ತಳದವರೆಗೆ ತಿರುವಿ.

ತಟ್ಟೆಗೆ ಇಳಿಯುವ ಕಂದು ನೀರನ್ನು ಸಸಿಗೆ ಹಾಕಬೇಡಿ. ಅದು ಟಾನಿಕ್ಕಲ್ಲ, ಕೊಳೆತ ರಸ. ವಾಪಸ್ಸು ಡಬ್ಬಕ್ಕೇ ಸುರಿದು ಇನ್ನೊಂದು ಹಿಡಿ ಎಲೆ ಹಾಕಿ.

ಮುಖ್ಯವಾದದ್ದು: ಅಂದಿನಿಂದ ಆ ಡಬ್ಬಕ್ಕೆ ಒಂದು ಸಿಪ್ಪೆಯೂ ಬೀಳಬಾರದು. ದಿನವೂ ಹೊಸ ಕಸ ಬೀಳುವ ಡಬ್ಬದಲ್ಲಿ ಗೊಬ್ಬರ ಎಂದೂ ಪೂರ್ತಿ ಕಳಿಯುವುದಿಲ್ಲ. ಎರಡನೆಯ ಡಬ್ಬಕ್ಕೆ ಜಾಗವಿಲ್ಲ ಅಂದಿದ್ದೀರಿ. ಹಾಗಾದರೆ 40 ಲೀಟರಿನದು ಬಿಟ್ಟು 20 ಲೀಟರಿನ ಎರಡು ಬಕೆಟ್ ಇಡಿ, ಒಂದು ತುಂಬುತ್ತಿರಲಿ, ಒಂದು ಕಳಿಯುತ್ತಿರಲಿ. ಜಾಗ ಹೆಚ್ಚೇನೂ ಹಿಡಿಯುವುದಿಲ್ಲ.

ಬಿತ್ತನೆ ಟ್ರೇಗೆ ಗೊಬ್ಬರವೇ ಬೇಡ. ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಪರ್ಲೈಟ್ (ಗಾಳಿಯಾಡಲು ಬೆರೆಸುವ ಹಗುರವಾದ ಬಿಳಿ ಹರಳು) ಅಥವಾ ದಪ್ಪ ಮರಳು ಒಂದು ಪಾಲು. ಮೊಳಕೆಗೆ ಬೇಕಾದ ಆಹಾರ ಬೀಜದಲ್ಲೇ ಇರುತ್ತದೆ. ಬೀಜದೆಲೆಯ ನಂತರ ಬರುವ ನಿಜ ಎಲೆ ಎರಡು ಬಿಟ್ಟ ಮೇಲೆ ವಾರಕ್ಕೊಮ್ಮೆ ದ್ರವ ಗೊಬ್ಬರ, ಪೊಟ್ಟಣದ ಮೇಲಿನ ಪ್ರಮಾಣದ ಕಾಲುಭಾಗ ಹಾಕಿ. ಮೂಲಂಗಿ, ಪಾಲಕ್, ಬಟಾಣಿ ಈ ತಂಪಿನಲ್ಲೇ ಹೊರಗೆ ಮೊಳೆಯುತ್ತವೆ, ಅವನ್ನು ಹಳೆಯ ಮಣ್ಣಿರುವ ಕುಂಡಕ್ಕೆ ನೇರ ಬಿತ್ತಿ. ಟೊಮೆಟೊಗೆ 21-27 ಡಿಗ್ರಿ ಬೇಕು, ಅದು ಒಳಗೇ ಇರಲಿ. ಬಿತ್ತಿದ ಆರೆಂಟು ವಾರಕ್ಕೆ ಅದು ದೊಡ್ಡ ಕುಂಡ ಕೇಳುತ್ತದೆ, ರಾತ್ರಿಯ ಶಾಖವೂ ಅಷ್ಟರಲ್ಲಿ 10 ಡಿಗ್ರಿ ದಾಟಿರಬೇಕು. ಬಿಸಿಲು ಕೈಕೊಡದಿದ್ದರೆ ನಿಮ್ಮ ಡಬ್ಬವೂ ಆ ಹೊತ್ತಿಗೇ ತಯಾರಾಗಬಹುದು. ಆಗಲೂ ಕುಂಡದ ಮಿಶ್ರಣದಲ್ಲಿ ಗೊಬ್ಬರ ಕಾಲುಭಾಗ ಮೀರದಿರಲಿ. ಹೆಚ್ಚಾದರೆ ಲವಣ ಏರುತ್ತದೆ, ಮಿಶ್ರಣ ಕುಸಿದು ನೀರು ಹಿಡಿದುಕೊಳ್ಳುತ್ತದೆ.

ಹಾಕುವ ಮುನ್ನ ಎರಡು ಪರೀಕ್ಷೆ. ಒಂದೇ ಮಿಶ್ರಣವನ್ನು ಎರಡು ಲೋಟಕ್ಕೆ ತುಂಬಿ, ಒಂದಕ್ಕೆ ಮಾತ್ರ ಕಾಲುಭಾಗ ಗೊಬ್ಬರ ಸೇರಿಸಿ, ತಲಾ ಹತ್ತು ಮೂಲಂಗಿ ಬೀಜ ಬಿತ್ತಿ. ವಾರದ ಹೊತ್ತಿಗೆ ಎರಡರಲ್ಲೂ ಒಂದೇ ಎತ್ತರ, ಒಂದೇ ಹಸಿರು ಇದ್ದರೆ ಪಾಸು. ಇನ್ನೊಂದು: ಒಂದು ಹಿಡಿ ತೇವದ ಗೊಬ್ಬರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮನೆಯೊಳಗೆ ಮೂರು ದಿನ ಇಟ್ಟು ಬಿಚ್ಚಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಕಳಿತಿದೆ. ಹುಳಿ ಅಥವಾ ಅಮೋನಿಯಾ ಮೂಗಿಗೆ ಹೊಡೆದರೆ ಇನ್ನೂ ಎರಡು ವಾರ. ಬಿಚ್ಚುವುದು ಬಾಲ್ಕನಿಯಲ್ಲಿ. ನಾನು ಮೊದಲ ಸಲ ಅಡುಗೆಮನೆಯಲ್ಲಿ ಬಿಚ್ಚಿದ್ದೆ.