ಏಟು ಬಿದ್ದಿಲ್ಲ, ಆದರೂ ಭುಜ ನೋವು ಯಾಕೆ?

ಬಿದ್ದಿಲ್ಲ, ಏಟು ತಗುಲಿಲ್ಲ, ಆದರೂ ಕೈ ಎತ್ತಿದರೆ ಭುಜ ನೋಯುತ್ತದೆ ಎಂದು ಕೇಳಿದ್ದೀರಿ. ಇಂಥ ನೋವಿಗೆ ಹೆಚ್ಚಾಗಿ ಕಾರಣ ರೊಟೇಟರ್ ಕಫ್, ಅಂದರೆ ಭುಜದ ಕೀಲನ್ನು ಸುತ್ತಲೂ ಹಿಡಿದಿಡುವ 4 ಸ್ನಾಯುಗಳ ಗುಂಪು. ಇವನ್ನು ಮೂಳೆಗೆ ಕಟ್ಟಿರುವ ನಾರು ವಯಸ್ಸಾದಂತೆ ಸವೆಯುತ್ತದೆ, ತಲೆಗಿಂತ ಮೇಲೆ ಕೈ ಎತ್ತಿ ಮಾಡುವ ಕೆಲಸ ಜಾಸ್ತಿಯಾದರೆ ಊದಿಕೊಳ್ಳುತ್ತದೆ, ಕೆಲವೊಮ್ಮೆ ಹರಿದೂ ಹೋಗುತ್ತದೆ. ಕೈಯನ್ನು ಪಕ್ಕಕ್ಕೆ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿ ನಡುವೆ ಚುಚ್ಚುವುದು, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿರುವುದು ಇದರ ಲಕ್ಷಣ.

ಇನ್ನೊಂದು ಕಾರಣ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಳ್ಳುವ ತೊಂದರೆ. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಜಾಸ್ತಿ. ವ್ಯತ್ಯಾಸ ಹೀಗೆ ನೋಡಿ: ಬೇರೆಯವರು ನಿಮ್ಮ ಕೈಯನ್ನು ಮೆಲ್ಲಗೆ ಎತ್ತಿದಾಗ ಅದು ಮೇಲೆ ಹೋದರೆ ಸ್ನಾಯುವಿನ ತೊಂದರೆ ಇರಬಹುದು, ಅವರು ಎತ್ತಿದರೂ ಕೀಲೇ ಬಿಗಿದುಕೊಂಡು ನಿಂತರೆ, ಹೊರಕ್ಕೆ ತಿರುಗಿಸಲೂ ಆಗದಿದ್ದರೆ, ಫ್ರೋಜನ್ ಶೋಲ್ಡರ್ ಇರುವ ಸಾಧ್ಯತೆ ಹೆಚ್ಚು (ಕೀಲು ಸವೆದಿದ್ದರೂ ಹೀಗಾಗುತ್ತದೆ, ಅದು ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ). ವಾಸಿಯಾಗಲು 1ರಿಂದ 3 ವರ್ಷ ಹಿಡಿಯಬಹುದು. ಹೆದರಿ ಕೈ ಆಡಿಸುವುದನ್ನೇ ನಿಲ್ಲಿಸಬೇಡಿ, ಬಿಗಿತ ಇನ್ನೂ ಹೆಚ್ಚುತ್ತದೆ.

ಕುತ್ತಿಗೆಯಲ್ಲಿ ನರ ಒತ್ತಿದರೂ ಭುಜ ನೋಯುತ್ತದೆ. ಆಗ ನೋವು ಮೊಣಕೈ ದಾಟಿ ಇಳಿಯಬಹುದು, ಬೆರಳು ಜೋಮು ಹಿಡಿಯಬಹುದು. ಪಿತ್ತಕೋಶದ ಕಲ್ಲಿನ ನೋವು ಬಲ ಭುಜಕ್ಕೆ ಬರುವುದೂ ಉಂಟು.

ದಯವಿಟ್ಟು ಇದೊಂದನ್ನು ಸುಮ್ನೆ ಬಿಡಬೇಡಿ: ಭುಜ ನೋವಿನ ಜೊತೆ ಎದೆ ಹಿಂಡಿದಂತಾಗಿ ಬೆವರು, ಉಸಿರಾಟದ ಕಷ್ಟ ಬಂದರೆ ಹೃದಯಾಘಾತ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಜ್ವರ ಬಂದು ಕೀಲು ಕೆಂಪಾಗಿ ಊದಿದರೂ ಕಾಯಬೇಡಿ.