ಇನ್ನೊಂದು ಸುತ್ತು ಹೋಗಬೇಕಾ?

ಪ್ರೀತಿಯ ತಂಗಿಗೆ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗಾಗಿ ಅದರಲ್ಲಿರುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಆರು ವರ್ಷ, ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಎಳೆಯ ಮಿದುಳಿಗಾದ ತೊಂದರೆಯಿಂದ ಮೈಯ ಚಲನೆ ಕಷ್ಟವಾಗುವ ಸ್ಥಿತಿ. ಒಂದು ಕೇಂದ್ರಕ್ಕೆ ಹೋಗಿ ಮೂರು ವಾರ, ದಿನಕ್ಕೆ ನಾಲ್ಕು ಗಂಟೆ ಫಿಸಿಯೋಥೆರಪಿ ಮಾಡಿಸಿದಿರಿ. ಮೊದಲ ವಾರವೆಲ್ಲ ಅತ್ತಳು. ಮೂರನೇ ವಾರದ ಕೊನೆಗೆ ಕಂಬಿ ಹಿಡಿದು ತಾನೇ ಎದ್ದು ನಿಂತಳು. ಮನೆಗೆ ಬಂದ ಎರಡೇ ತಿಂಗಳಿಗೆ ಅದು ಮತ್ತೆ ಕಷ್ಟವಾಯಿತು. ಈಗ ಮ್ಯಾಟ್ ಹಾಸಿದರೆ ಮುಖ ತಿರುಗಿಸುತ್ತಾಳೆ. ‘ಮನೆಯಲ್ಲಿ ನಾನು ಸರಿಯಾಗಿ ಮಾಡಿಸಲಿಲ್ಲ, ತಪ್ಪು ನನ್ನದೇ. ಇನ್ನೊಂದು ಸುತ್ತು ಹೋಗಬೇಕಾ?’ ಅಂತ ಕೇಳಿದ್ದೀರಿ.

ತಪ್ಪು ನಿಮ್ಮದಲ್ಲ. ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ನನ್ನ ಮಗನಿಗೂ ಇದೇ ತೊಂದರೆ. ಅವನಿಗೀಗ 22. ಐದು ವರ್ಷದವನಿದ್ದಾಗ ನಾವೂ ಇಂಥದ್ದೇ ಒಂದು ಕಡೆ ಹೋಗಿದ್ದೆವು. ಮಂಡಿಯ ಹಿಂದಿನ ಬಿಗಿ ಬಿಡಿಸಲು ಕಾಲನ್ನು ನೇರ ಮಾಡಿ, ಹತ್ತು ಎಣಿಸುವ ತನಕ ಹಿಡಿಯಬೇಕಿತ್ತು. ಎಣಿಸುವ ಕೆಲಸ ಅವನದು. ‘ಒಂದು, ಎರಡು, ಏಳು, ಹತ್ತು’ ಅಂತ ಮುಗಿಸಿಬಿಡುತ್ತಿದ್ದ. ‘ಮೊದಲಿಂದ ಎಣಿಸು’ ಅಂತ ನಾನು ಗದರುತ್ತಿದ್ದೆ. ಸಂಜೆ ಸ್ಪ್ಲಿಂಟ್, ಅಂದರೆ ಕಾಲಿಗೆ ಕಟ್ಟುವ ಗಟ್ಟಿ ಆಧಾರ, ಬಿಚ್ಚಿದಾಗ ಕಾಲ್ಚೀಲದ ಹೊಲಿಗೆ ಹಿಮ್ಮಡಿಯ ಮೇಲೆ ಕೆಂಪಗೆ ಅಚ್ಚೊತ್ತಿರುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುವ ಐದು ನಿಮಿಷ ಮಾತ್ರ ನಾವು ಅಮ್ಮ, ಮಗ. ‘ಎಲ್ಲಾ ತಾಯಿಯ ಕೈಯಲ್ಲಿದೆ, ಒಂದು ದಿನ ಬಿಟ್ಟರೂ ಮಾಡಿದ್ದೆಲ್ಲ ನೀರುಪಾಲು’ ಅಂತ ಅಲ್ಲಿ ಹೇಳಿ ಕಳಿಸಿದ್ದರು. ಆ ಮಾತು ನನ್ನನ್ನು ವರ್ಷಗಟ್ಟಲೆ ಕಾಡಿತು. ಅದು ಸುಳ್ಳು ಅಂತ ಗೊತ್ತಾಗುವಷ್ಟರಲ್ಲಿ ಮಗನ ಬಾಲ್ಯ ಅರ್ಧ ಮುಗಿದಿತ್ತು.

ತಾಯಂದಿರ ಮೇಲೆ ಈ ಹೊರೆ ಇವತ್ತಿನದಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಪ್ಯಾಟರ್ನಿಂಗ್ ಅನ್ನುವ ವಿಧಾನ ಬಹಳ ಹೆಸರು ಮಾಡಿತ್ತು. ಹಲವು ಮಂದಿ ದೊಡ್ಡವರು ಸೇರಿ ಮಗುವಿನ ಕೈ, ಕಾಲು, ತಲೆಯನ್ನು ತಾಳಕ್ಕೆ ಸರಿಯಾಗಿ ಆಡಿಸಬೇಕು. ದಿನಕ್ಕೆ ಹಲವು ಸಲ, ಎಲ್ಲಾ ದಿನ. ಇದರಿಂದ ಹೇಳಿಕೊಂಡಷ್ಟು ಪ್ರಯೋಜನ ಇರುವುದಕ್ಕೆ ಆಧಾರವಿಲ್ಲ, ಮನೆಯವರ ಮೇಲೆ ಬೀಳುವ ಭಾರ ಮಾತ್ರ ಜಾಸ್ತಿ ಅಂತ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 1982ರಲ್ಲಿ ಹೇಳಿತು. 1999ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು.

ಈಗ ಫಿಸಿಯೋಗಳು ಹೆಚ್ಚು ನಂಬುವುದು ಬೇರೆಯದನ್ನು. ಬೇರೆಯವರು ಮಗುವಿನ ಕಾಲನ್ನು ಎಳೆದು ಹಿಡಿದರೆ ಉಳಿಯುವ ಲಾಭ ಕಡಿಮೆ. ಮಗು ತನಗೆ ಬೇಕಾದ ಒಂದು ಕೆಲಸಕ್ಕಾಗಿ ತಾನೇ ಮತ್ತೆ ಮತ್ತೆ ಪ್ರಯತ್ನಪಟ್ಟರೆ ಅದು ಮೈಗೆ ಹತ್ತುತ್ತದೆ. ಆ ಮೂರು ವಾರದಲ್ಲಿ ನಿಮ್ಮ ಮಗಳು ಎದ್ದು ನಿಂತದ್ದು ನಿಜವಾದ ಕಲಿಕೆಯೇ. ಆದರೆ ಅಲ್ಲಿ ಅವಳ ಅಳತೆಗೆ ಸರಿಯಾದ ಬೆಂಚಿತ್ತು, ಕೈಗೆ ಸಿಗುವ ಕಂಬಿಯಿತ್ತು. ಮನೆಯಲ್ಲಿ ಅವಳು ಎದ್ದು ನಿಲ್ಲಲೇಬೇಕಾದ ಕಾರಣ ದಿನದಲ್ಲಿ ಎಷ್ಟು ಸಲ ಬರುತ್ತದೆ? ಇನ್ನೊಂದು ವಿಷಯ. ಈ ವಯಸ್ಸಿನಲ್ಲಿ ಎಲುಬು ಬೇಗ ಉದ್ದವಾಗುತ್ತದೆ, ಬಿಗಿಯಾದ ಸ್ನಾಯು ಅದರ ಸಮಕ್ಕೆ ಬೆಳೆಯುವುದಿಲ್ಲ. ಹಳೆಯ ಸ್ಪ್ಲಿಂಟ್ ಚಿಕ್ಕದಾಗಿದ್ದರೂ ನಿಲ್ಲುವುದು ಕಷ್ಟ. ಮೊದಲು ಅದನ್ನು ನೋಡಿಸಿ.

ಸೊಂಟದ ಕೀಲಿನ ಎಕ್ಸ್-ರೇ ಯಾವಾಗ ಆಗಿತ್ತು? ಪತ್ರದಲ್ಲಿ ಆ ಮಾತೇ ಇಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಈ ಕೀಲು ತನ್ನ ಜಾಗದಿಂದ ಜರುಗುತ್ತದೆ. ಶುರುವಿನಲ್ಲಿ ನೋವೇ ಇರದೆ ಇರಬಹುದು. ಮುಂದಿನ ಸುತ್ತಿನ ಯೋಚನೆಗಿಂತ ಇದು ಮುಖ್ಯ.

‘ಅವಳು ನಡೆಯುತ್ತಾಳಾ?’ ಅಂತಲೂ ಕೇಳಿದ್ದೀರಿ. ಅವಳನ್ನು ನೋಡದೆ ನಾನು ಹೇಳಬಾರದು. ಇಷ್ಟನ್ನು ಮಾತ್ರ ಹೇಳಬಲ್ಲೆ. ಈ ಮಕ್ಕಳ ಚಲನೆಯನ್ನು ಐದು ಹಂತಗಳಾಗಿ ನೋಡುವ ಕ್ರಮವೊಂದು 1997ರಲ್ಲಿ ಬಂತು. ಕೆನಡಾದಲ್ಲಿ 657 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕೂರುವುದು, ನಿಲ್ಲುವುದು, ನಡೆಯುವುದು ಇವುಗಳಲ್ಲಿ ಆಗಬಹುದಾದ ಬೆಳವಣಿಗೆಯ ಬಹುಪಾಲು ಐದು ವರ್ಷದ ಹೊತ್ತಿಗೆ ಆಗಿರುತ್ತದೆ ಅಂತ ಅದರಲ್ಲಿ ಕಂಡಿತು. ಹೆಚ್ಚು ತೊಂದರೆ ಇರುವವರಲ್ಲಿ ಇನ್ನೂ ಬೇಗ. ಓದಲು ಕಷ್ಟವಾಗುತ್ತದೆ, ಗೊತ್ತು. ನಾನೂ ಅತ್ತಿದ್ದೆ. ನಿಮ್ಮ ಮಗಳು ಯಾವ ಹಂತದಲ್ಲಿದ್ದಾಳೆ ಅಂತ ಫಿಸಿಯೋ ಹತ್ತಿರ ನೇರವಾಗಿ ಕೇಳಿ. ನನ್ನ ಮಗ ಮನೆಯೊಳಗೆ ವಾಕರ್ ಹಿಡಿದು ಓಡಾಡುತ್ತಾನೆ, ಹೊರಗೆ ವೀಲ್‌ಚೇರ್. ಗಾಲಿ ಬಂದ ಮೇಲೆಯೇ ಅವನಿಗೆ ಗೆಳೆಯರು ಸಿಕ್ಕಿದ್ದು.

ಹಾಗಾದರೆ ಇನ್ನೊಂದು ಸುತ್ತು? ಹೋಗಬಾರದು ಅನ್ನುವುದಿಲ್ಲ. ಮೂರು ವಾರದ ಕೊನೆಗೆ ಅವಳು ಯಾವ ಕೆಲಸ ಮಾಡಬೇಕು, ಅದನ್ನು ಮನೆಯಲ್ಲಿ ಹೇಗೆ ಮುಂದುವರಿಸುವುದು ಅಂತ ಅವರು ಮೊದಲೇ ಹೇಳಬಲ್ಲರಾದರೆ ಹೋಗಿ. ಬರೀ ಗಂಟೆಯ ಲೆಕ್ಕ ಕೊಟ್ಟರೆ ಬೇಡ. ಸುಸ್ತಾದ ಅಳು ಬೇರೆ, ನೋವಿನ ಅಳು ಬೇರೆ. ಅದು ನಿಮಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಅಲ್ವಾ? ನೋವು ಅನಿಸಿದರೆ ‘ಸಾಕು, ನಿಲ್ಲಿಸಿ’ ಅನ್ನಿ.

ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ: ‘ಅಕ್ಕನ ಪಕ್ಕ ಬೇಸಿನ್ ಹತ್ತಿರ ನಿಂತು ಹಲ್ಲುಜ್ಜಬೇಕಂತೆ.’ ಅಲ್ಲಿಂದಲೇ ಶುರು ಮಾಡಿ. ಬೇಸಿನ್ ಎದುರು ಕೂರಲು ಒಂದು ಗಟ್ಟಿ ಸ್ಟೂಲ್ ಇಡಿ, ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತುಂಬಾ ತಗ್ಗಿನದು ಬೇಡ, ತುಸು ಎತ್ತರ ಇದ್ದರೆ ಏಳುವುದು ಸುಲಭ. ಹಿಡಿಯಲು ಗೋಡೆಗೆ ಒಂದು ಕಂಬಿ ಹಾಕಿಸಿ, ಯಾವ ಎತ್ತರಕ್ಕೆ ಅಂತ ಫಿಸಿಯೋ ತೋರಿಸಲಿ. ಪೇಸ್ಟ್ ಹಾಕಿಕೊಳ್ಳಲು ಒಮ್ಮೆ ಎದ್ದರೆ ಉಗುಳಲು ಇನ್ನೊಮ್ಮೆ, ಕನ್ನಡಿಯಲ್ಲಿ ಹಲ್ಲು ನೋಡಿಕೊಳ್ಳಲು ಮತ್ತೊಮ್ಮೆ. ನೀವು ಹಿಂದೆ ನಿಂತಿರಿ. ಅಕ್ಕ ಪಕ್ಕದಲ್ಲಿರಲಿ. ಆ ಮ್ಯಾಟನ್ನು ಸ್ವಲ್ಪ ದಿನ ಸುತ್ತಿಡಿ.